ಹೈಬ್ರಿಡ್ ಕಾರಿಗೆ ಪೆಟ್ರೋಲ್ ಹಾಕಿಸುವಾಗ ಪವರ್ ಆಫ್ ಮಾಡುತ್ತೀರಾ?

ತಿಪಟೂರು ತೆಂಗು
ಎಲ್ಲರಿಗೂ ನಮಸ್ಕಾರ. ಟೊಯೋಟಾ ಹೈರೈಡರ್ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆಗೆ ಬ್ಯಾಟರಿ, ಮೋಟರ್ ಕೂಡ ಇರುವ ಕಾರು) ತೆಗೆದುಕೊಂಡು ಐದು ತಿಂಗಳಾಯಿತು. ಮೊನ್ನೆ ಭಾನುವಾರ ಬೆಂಗಳೂರಿನಿಂದ ಊರಿಗೆ ಹೊರಟಾಗ ಹೆದ್ದಾರಿ ಪಕ್ಕದ ಒಂದು ಬಂಕಿಗೆ ಹೋದೆ. ಹಿಂದಿನ ಸೀಟಿನಲ್ಲಿ ಅಮ್ಮ, ಮಗು ಇಬ್ಬರೂ ನಿದ್ದೆ ಮಾಡುತ್ತಿದ್ದರು. ಬಿಸಿಲು ಜೋರಾಗಿತ್ತು. ಇಂಜಿನ್ ಹೇಗೂ ನಿಂತಿತ್ತು, ಎಸಿ ಮಾತ್ರ ಓಡುತ್ತಿತ್ತು. ಹಾಗಾಗಿ ಕಾರು ಆಫ್ ಮಾಡಲಿಲ್ಲ. ಪಾರ್ಕಿಂಗ್‌ಗೆ ಹಾಕಿ, ಟ್ಯಾಂಕ್ ಮುಚ್ಚಳದ ಲಿವರ್ ಎಳೆದು ಇಳಿದೆ.

ಹತ್ತು ಹನ್ನೆರಡು ಲೀಟರ್ ಹೋಗಿರಬೇಕು. ಇಂಜಿನ್ ತಾನಾಗಿಯೇ ಸ್ಟಾರ್ಟ್ ಆಯಿತು! ಬಂಕಿನ ಹುಡುಗ ಬೆಚ್ಚಿಬಿದ್ದು ಹಿಂದೆ ಸರಿದ. ನಾಝಲ್ ಟ್ಯಾಂಕಿನಲ್ಲೇ ಸಿಕ್ಕಿಕೊಂಡಿತ್ತು, ಪುಣ್ಯಕ್ಕೆ ಒಂದು ಹನಿಯೂ ಚೆಲ್ಲಲಿಲ್ಲ. ಪಕ್ಕದ ಬೈಕಿನವರು "ಏನ್ರೀ, ಗಾಡಿ ಆಫ್ ಮಾಡಕ್ಕಾಗಲ್ವಾ, ಮಗು ಬೇರೆ ಇದೆ ಒಳಗೆ" ಎಂದು ರೇಗಿದರು. ಅವರು ಹೇಳಿದ್ದು ಸರಿ. ಆಮೇಲೆ ತಿಪಟೂರು ಮುಟ್ಟುವ ತನಕ ಅದೇ ತಲೆಯಲ್ಲಿತ್ತು.

ಶೋರೂಮಿನಲ್ಲಿ ಕಾರು ಕೊಡುವಾಗ ಸನ್‌ರೂಫ್, ಪರದೆ, ಕ್ಯಾಮೆರಾ ಎಲ್ಲ ಹೇಳಿಕೊಟ್ಟರು. ಪೆಟ್ರೋಲ್ ಹಾಕಿಸುವ ಬಗ್ಗೆ ಒಂದು ಮಾತಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ? ಇನ್ನೊಂದು, ಟ್ಯಾಂಕ್ ತುಂಬಿ ನಾಝಲ್ ಟಕ್ ಎಂದು ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಲು ಹುಡುಗರು ಇನ್ನಷ್ಟು ಹಾಕುತ್ತಾರಲ್ಲ, ಅದು ಸರಿನಾ?

ಮಲೆನಾಡ ಮಳೆ
ಆಫ್ ಮಾಡಲೇಬೇಕು. ಇದರಲ್ಲಿ ಎರಡು ಮಾತಿಲ್ಲ.

ಜಯನಗರ ನಾಲ್ಕನೇ ಬ್ಲಾಕ್
ಎರಡು ವರ್ಷದಿಂದ ಗ್ರ್ಯಾಂಡ್ ವಿಟಾರಾ ಹೈಬ್ರಿಡ್ ಓಡಿಸುತ್ತಿದ್ದೇನೆ. ಬೇಸಿಗೆಯಲ್ಲಿ ಒಮ್ಮೆಯೂ ಆಫ್ ಮಾಡಿಲ್ಲ. ಎಸಿ ಕಂಪ್ರೆಸರ್ ಬ್ಯಾಟರಿಯಿಂದ ನಡೆಯುತ್ತದೆ, ಇಂಜಿನ್‌ಗೂ ಅದಕ್ಕೂ ಸಂಬಂಧ ಇಲ್ಲ. ಸುಮ್ನೆ ಹೆದರಬೇಡಿ.

ಬಿಡದಿ ಬೋಲ್ಟ್
ಜಯನಗರದವರೆ, ಸಂಬಂಧ ಇದೆ. ಅಲ್ಲೇ ಎಡವುತ್ತಿದ್ದೀರಿ.

ಡ್ಯಾಶ್‌ಬೋರ್ಡಿನಲ್ಲಿ 'ರೆಡಿ' ಎಂದು ದೀಪ ಉರಿಯುತ್ತಿದ್ದರೆ ಕಾರು ಚಾಲೂ ಇದೆ ಎಂದೇ ಅರ್ಥ. ಇಂಜಿನ್ ಓಡಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದು ಕಂಪ್ಯೂಟರ್, ನೀವಲ್ಲ. ನಿಮ್ಮ ಕಾರಿನ ಹೈಬ್ರಿಡ್ ಬ್ಯಾಟರಿ ಬರೀ 0.76 ಕಿಲೋವ್ಯಾಟ್ ಅವರ್. ಎಲೆಕ್ಟ್ರಿಕ್ ಕಾರುಗಳಲ್ಲಿ 30, 40, 50 ಇರುತ್ತದೆ. ಈ ಪುಟ್ಟ ಬ್ಯಾಟರಿಯನ್ನೂ ಪೂರ್ತಿ ಖಾಲಿಯಾಗಲು ಬಿಡುವುದಿಲ್ಲ, ನಡುವಿನ ಸ್ವಲ್ಪ ಭಾಗವನ್ನಷ್ಟೇ ಬಳಸುತ್ತದೆ. ಬಿಸಿಲಲ್ಲಿ ನಿಂತು ಎಸಿ ಓಡಿಸಿದರೆ ಕೆಲವೇ ನಿಮಿಷದಲ್ಲಿ ಬ್ಯಾಟರಿ ಇಳಿಯುತ್ತದೆ. ಆಗ ಚಾರ್ಜ್ ಮಾಡಲು ಇಂಜಿನ್ ಎದ್ದೇ ಏಳುತ್ತದೆ. ತಿಪಟೂರಿನವರಿಗೆ ಆಗಿದ್ದು ಇದೇ. ಕಾರಿನಲ್ಲಿ ದೋಷ ಏನೂ ಇಲ್ಲ.

ನಿಮಗೆ ಎರಡು ವರ್ಷ ಆಗದೇ ಇದ್ದದ್ದು ಬ್ಯಾಟರಿ ಆ ಹೊತ್ತಿಗೆ ತುಂಬಿದ್ದರಿಂದ. ಅಷ್ಟೇ.

ಜಯನಗರ ನಾಲ್ಕನೇ ಬ್ಲಾಕ್
ಸರಿ, ಎದ್ದಿತು ಎಂದೇ ಇಟ್ಟುಕೊಳ್ಳೋಣ. ಇಂಜಿನ್ ಮುಂದೆ ಇದೆ, ಟ್ಯಾಂಕ್ ಹಿಂದೆ ಇದೆ. ಬಂಕಿನಲ್ಲಿ ಎಷ್ಟು ಆಟೋಗಳು ಸ್ಟಾರ್ಟ್ ಆಗಿ ಸಾಲಿನಲ್ಲಿ ನಿಂತಿರುತ್ತವೆ. ಅವಕ್ಕೆ ಏನಾಗಿದೆ?

ಬಿಡದಿ ಬೋಲ್ಟ್
ಸಾಲಿನಲ್ಲಿ ನಿಂತ ಆಟೋದ ಟ್ಯಾಂಕ್ ಬಾಯಿ ತೆರೆದಿರುವುದಿಲ್ಲ. ಪೆಟ್ರೋಲ್ ಟ್ಯಾಂಕಿಗೆ ಇಳಿಯುವಾಗ ಒಳಗಿದ್ದ ಆವಿ ಹೊರಗೆ ಬರುತ್ತದೆ. ಅದು ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ನೆಲದ ಮೇಲೆ, ಕಾರಿನ ಕೆಳಗೆ ಹರಡುತ್ತದೆ. ಇಂಜಿನ್ ಎದ್ದರೆ ಬಿಸಿ ಸೈಲೆನ್ಸರ್ ಇರುವುದೂ ಅಲ್ಲೇ. ನೂರು ಸಲದಲ್ಲಿ ನೂರು ಸಲವೂ ಏನೂ ಆಗದೇ ಇರಬಹುದು. ಆದರೆ ಒಳಗೆ ಮಗು ಮಲಗಿದ್ದಾಗ ನಾನು ಲೆಕ್ಕ ಹಾಕುತ್ತಾ ಕೂರುವುದಿಲ್ಲ.

ಹಂಪಿ ಕಲ್ಲು
ಸಿಎನ್‌ಜಿ ಹಾಕಿಸುವಾಗ ಎಲ್ಲರನ್ನೂ ಕೆಳಗೆ ಇಳಿಸುತ್ತಾರೆ. ನಮ್ಮಜ್ಜಿಗೆ ಎಂಬತ್ತು ವರ್ಷ, ಅವರೂ ಇಳಿದು ನಿಲ್ಲುತ್ತಾರೆ. ನಿಮಗೆ ಮೂರು ನಿಮಿಷ ಎಸಿ ಇಲ್ಲದಿದ್ದರೆ ಏನಾಗುತ್ತದೆ?

ಕುಣಿಗಲ್ ಕೆರೆ
ಆನ್ ಇಟ್ಟು ಹಾಕಿಸಿದರೆ ಇನ್ನೊಂದು ತೊಂದರೆ. ನಾನು ಒಮ್ಮೆ ಹಾಗೆ ಹಾಕಿಸಿದೆ. ಹಣ ಕೊಟ್ಟು ಹೊರಟರೆ ಪೆಟ್ರೋಲ್ ಮುಳ್ಳು ಮೇಲೇರಲೇ ಇಲ್ಲ. ಮೋಸ ಮಾಡಿದರು ಎಂದು ವಾಪಸ್ ಹೋಗಿ ಜಗಳವೂ ಆಡಿದೆ. ಪಾಪ ಆ ಹುಡುಗ "ಸಾರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎಂದ. ಮಾಡಿದೆ. ಮುಳ್ಳು ಸರಿಯಾಗಿ ಏರಿತು. ಅವನ ಹತ್ತಿರ ಕ್ಷಮೆ ಕೇಳಿ ಬಂದೆ.

ಹೈಕ್ರಾಸ್ ಮನೆಯವರು
ನೀವೆಲ್ಲ ಆನ್ ಆಫ್ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಆಗಿದ್ದು ಇದಕ್ಕಿಂತ ದೊಡ್ಡದು. ದಯವಿಟ್ಟು ಇನ್ನೋವಾ ಹೈಕ್ರಾಸ್ ಇರುವವರೆಲ್ಲ ಓದಿ.

ಕಳೆದ ವರ್ಷ ಧರ್ಮಸ್ಥಳಕ್ಕೆ ಹೋಗುವಾಗ ದಾರಿಯಲ್ಲಿ ಒಂದು ಬಂಕಿಗೆ ಹೋದೆವು. ನಮ್ಮ ಯಜಮಾನರು "ಫುಲ್ ಮಾಡಿ" ಎಂದು ಹೇಳಿ ಫೋನಿನಲ್ಲಿ ಮಾತಿಗೆ ನಿಂತರು. ನಾನು ಬಾತ್‌ರೂಮಿಗೆ ಹೋಗಿದ್ದೆ. ಬಂದು ನೋಡಿದರೆ ಬಿಲ್‌ನಲ್ಲಿ ಡೀಸೆಲ್! 31 ಲೀಟರ್ ಹೋಗಿಯಾಗಿತ್ತು. ಹುಡುಗನನ್ನು ಕೇಳಿದರೆ "ಇನ್ನೋವಾ ಅಲ್ವಾ ಮೇಡಂ, ಇನ್ನೋವಾ ಅಂದ್ರೆ ಡೀಸೆಲ್ಲೇ" ಎಂದ. ಅವನನ್ನು ಬಯ್ಯಲು ಮನಸ್ಸು ಬರಲಿಲ್ಲ. ಇಪ್ಪತ್ತು ವರ್ಷದಿಂದ ರಸ್ತೆಯಲ್ಲಿರುವ ಇನ್ನೋವಾಗಳಲ್ಲಿ ಹೆಚ್ಚಿನವು ಡೀಸೆಲ್ಲೇ ಅಲ್ವಾ. ಹೈಕ್ರಾಸ್ ಬಂದಿದ್ದು 2022ರ ಕೊನೆಗೆ, ಅದು ಬರೀ ಪೆಟ್ರೋಲ್. ಹಿಂದಿನ ಇನ್ನೋವಾ ಕ್ರಿಸ್ಟಾ ಡೀಸೆಲ್ ಕೂಡ ಜೊತೆಗೇ ಮಾರಾಟವಾಗುತ್ತಿತ್ತು. ಅವರಿಗೆ ಹೇಗೆ ಗೊತ್ತಾಗಬೇಕು?

ಹೊರಡುವ ಮೊದಲೇ ಬಿಲ್ ನೋಡಿದ್ದು ಒಳ್ಳೆಯದಾಯಿತು.

ಮಲೆನಾಡ ಮಳೆ
ಅಯ್ಯೋ ದೇವರೇ. ಆಮೇಲೆ?

ಹೈಕ್ರಾಸ್ ಮನೆಯವರು
ಪವರ್ ಬಟನ್ ಮುಟ್ಟಲಿಲ್ಲ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆವು. ಚಪ್ಪಟೆ ಲಾರಿ ಕಳಿಸಿ ಪೂರ್ತಿ ಗಾಡಿಯನ್ನೇ ಮೇಲೆ ಹತ್ತಿಸಿಕೊಂಡು ಹೋದರು. ಟ್ಯಾಂಕ್ ಬಿಚ್ಚಿ ಖಾಲಿ ಮಾಡಿ, ತೊಳೆದು, ಹೊಸ ಪೆಟ್ರೋಲ್ ಹಾಕಿ ಕೊಟ್ಟರು. ಎರಡು ದಿನ ಹೋಯಿತು. ಇಂಜಿನ್‌ಗೆ ಡೀಸೆಲ್ ಹೋಗಿರಲಿಲ್ಲ, ಹಾಗಾಗಿ ಖರ್ಚು ಕಡಿಮೆಯಲ್ಲಿ ಮುಗಿಯಿತು. ಬಂಕಿನ ಮಾಲೀಕರು ಅರ್ಧ ಕೊಟ್ಟರು. ಧರ್ಮಸ್ಥಳಕ್ಕೆ ಬಸ್ಸಿನಲ್ಲಿ ಹೋಗಿ ಬಂದೆವು.

ಬಿಡದಿ ಬೋಲ್ಟ್
ಮೇಡಂ, ನೀವು ಮಾಡಿದ್ದು ನೂರಕ್ಕೆ ನೂರು ಸರಿ. ಹೈಬ್ರಿಡ್‌ನಲ್ಲಿ ಒಂದು ಅಪಾಯ ಜಾಸ್ತಿ ಇದೆ, ಬೇರೆಯವರಿಗೂ ಗೊತ್ತಿರಲಿ. ಮಾಮೂಲಿ ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಿದರೆ ಬಂಕಿನ ಹತ್ತಿರವೇ ಕೆಮ್ಮಿ, ಹೊಗೆ ಬಿಟ್ಟು ನಿಲ್ಲುತ್ತದೆ. ಹೈಬ್ರಿಡ್ ಹಾಗಲ್ಲ. ಬಂಕಿನಿಂದ ಬ್ಯಾಟರಿಯಲ್ಲೇ ಸದ್ದಿಲ್ಲದೆ ಹೊರಡುತ್ತದೆ. ಎಲ್ಲ ಸರಿ ಇದೆ ಎಂದೇ ಅನಿಸುತ್ತದೆ. ಹೆದ್ದಾರಿಗೆ ಸೇರಿ ವೇಗ ಹೆಚ್ಚಿಸಿದಾಗ ಇಂಜಿನ್ ಏಳಬೇಕು, ಆಗ ಡೀಸೆಲ್ ಒಳಗೆ ಹೋಗುತ್ತದೆ. ನಡು ರಸ್ತೆಯಲ್ಲಿ, ಲಾರಿಗಳ ಮಧ್ಯೆ.

ಚಪ್ಪಟೆ ಲಾರಿಯಲ್ಲಿ ಸಾಗಿಸಿದ್ದೂ ಸರಿ. ಈ ಕಾರುಗಳ ಮುಂದಿನ ಚಕ್ರ ನೆಲಕ್ಕೆ ತಾಗಿ ಉರುಳಿದರೆ ಮೋಟರ್ ಕೂಡ ತಿರುಗುತ್ತದೆ. ಹಗ್ಗ ಕಟ್ಟಿ ಎಳೆಸಬಾರದು.

ತುಮಕೂರು ರೋಡ್ ಶಿಫ್ಟ್
ನಾನು ಬಂಕಿನಲ್ಲೇ ಕೆಲಸ ಮಾಡುವವನು, ಏಳು ವರ್ಷ ಆಯಿತು. ನಮ್ಮ ಕಡೆಯದೂ ಸ್ವಲ್ಪ ಕೇಳಿ.

ರಾತ್ರಿ ಪಾಳಿಯಲ್ಲಿ ಒಬ್ಬೊಬ್ಬರು ನೂರಾರು ಗಾಡಿಗೆ ಹಾಕುತ್ತೇವೆ. ಇನ್ನೋವಾ ಬಂದರೆ ಕೈ ತಾನಾಗಿ ಡೀಸೆಲ್ ನಾಝಲ್ ಕಡೆ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಎಲ್ಲ ಬಂಕಿನಲ್ಲೂ ಡೀಸೆಲ್ ನಾಝಲ್ ದಪ್ಪ ಇರುವುದಿಲ್ಲ, ಪೆಟ್ರೋಲ್ ಗಾಡಿಯ ಬಾಯಿಗೂ ಹಿಡಿಸಿಬಿಡುತ್ತದೆ. ಅರ್ಧ ಜನ ಗಾಜು ಒಂದಿಂಚು ಇಳಿಸಿ "ಎರಡು ಸಾವಿರ" ಎಂದು ಮತ್ತೆ ಏರಿಸಿಬಿಡುತ್ತಾರೆ. ಯಾವುದು ಎಂದು ಹೇಳುವುದಿಲ್ಲ. ಇನ್ನು ಕೆಲವರು "ಹೈಬ್ರಿಡ್" ಎನ್ನುತ್ತಾರೆ. ಹೊಸ ಹುಡುಗರಿಗೆ ಅದು ಕರೆಂಟ್ ಗಾಡಿ ಎಂದೇ ಅನಿಸುತ್ತದೆ. ಒಬ್ಬ ಹುಡುಗ "ಇಲ್ಲಿ ಚಾರ್ಜಿಂಗ್ ಇಲ್ಲ ಸಾರ್" ಎಂದು ಕಳಿಸಿಯೇ ಬಿಟ್ಟಿದ್ದ. ಎಲೆಕ್ಟ್ರಿಕ್ ಗಾಡಿಗಾದರೆ ಹಸಿರು ನಂಬರ್ ಪ್ಲೇಟ್ ಇರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಹೈಬ್ರಿಡ್‌ಗೆ ಎಲ್ಲರ ಹಾಗೆ ಬಿಳಿ ಪ್ಲೇಟ್.

ನನ್ನ ಬೇಡಿಕೆ ಇಷ್ಟೇ. ಇಳಿದು ಬನ್ನಿ. "ಪೆಟ್ರೋಲ್" ಎಂದು ಬಾಯಿಬಿಟ್ಟು ಹೇಳಿ. ಹೈಬ್ರಿಡ್ ಎನ್ನುವ ಮಾತೇ ಬೇಡ. ಮುಚ್ಚಳದ ಹೊರಗೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಪೆಟ್ರೋಲ್ ಎಂದು ಸ್ಟಿಕ್ಕರ್ ಅಂಟಿಸಿ. ತಪ್ಪಾದರೆ ನಮ್ಮ ಹುಡುಗರ ಸಂಬಳದಲ್ಲಿ ಮುರಿಯುತ್ತಾರೆ. ನಿಮಗೆ ಎರಡು ದಿನ ಹೋದರೆ ಅವರಿಗೆ ಒಂದು ತಿಂಗಳು ಹೋಗುತ್ತದೆ.

ಹೈಕ್ರಾಸ್ ಮನೆಯವರು
ಅಣ್ಣ, ನಿಮ್ಮ ಮಾತು ಓದಿ ಬೇಜಾರಾಯಿತು. ಆ ಹುಡುಗನ ಸಂಬಳ ಮುರಿದರೋ ಏನೋ, ನಾವು ಕೇಳಲೇ ಇಲ್ಲ. ಸ್ಟಿಕ್ಕರ್ ಇವತ್ತೇ ಮಾಡಿಸುತ್ತೇನೆ.

ಹಾಸನದ ಮೇಷ್ಟ್ರು
ಮೊದಲ ಪೋಸ್ಟಿನ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ.

ನಾಝಲ್ ತುದಿಯಲ್ಲಿ ಒಂದು ಸಣ್ಣ ತೂತು ಇದೆ, ಮುಂದಿನ ಸಲ ನೋಡಿ. ಪೆಟ್ರೋಲ್ ಹರಿಯುವಾಗ ಆ ತೂತಿನಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಏರಿ ತೂತು ಮುಚ್ಚಿತು ಎಂದರೆ ಗಾಳಿ ಸಿಗುವುದಿಲ್ಲ. ಆ ಎಳೆತಕ್ಕೆ ನಾಝಲ್ ಒಳಗಿನ ಒಂದು ಪರದೆ ಜಗ್ಗಿ ಕೊಕ್ಕೆ ಬಿಡಿಸುತ್ತದೆ. ಟಕ್! ಕರೆಂಟಿಲ್ಲ, ಸೆನ್ಸರ್ ಇಲ್ಲ. ಎಂಥ ಚೆಂದದ ಉಪಾಯ ನೋಡಿ. ತರಗತಿಯಲ್ಲಿ ಬರ್ನೌಲಿ ತತ್ವದ (ದ್ರವ ವೇಗವಾಗಿ ಹರಿಯುವಲ್ಲಿ ಒತ್ತಡ ಕಡಿಮೆ) ಪಾಠ ಮಾಡುವಾಗ ಇದನ್ನೇ ಉದಾಹರಣೆ ಕೊಡುತ್ತಿದ್ದೆ, ಮಕ್ಕಳಿಗೆ ಬೇಗ ಹಿಡಿಸುತ್ತಿತ್ತು.

ಆ ಟಕ್ ಬಂದ ಮೇಲೆ ಉಳಿಯುವ ಜಾಗ ಖಾಲಿ ಜಾಗವಲ್ಲ. ಬಿಸಿಲಿಗೆ ಪೆಟ್ರೋಲ್ ಹಿಗ್ಗಲು, ಆವಿ ನಿಲ್ಲಲು ಬಿಟ್ಟ ಜಾಗ. ಆವಿ ಹೊರಗೆ ಹೋಗದಂತೆ ಹಿಡಿದಿಡಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ, ಕ್ಯಾನಿಸ್ಟರ್ ಎನ್ನುತ್ತಾರೆ. ಕತ್ತಿನ ತನಕ ತುಂಬಿಸಿದರೆ ಆವಿಯ ಬದಲು ಪೆಟ್ರೋಲೇ ಅಲ್ಲಿಗೆ ನುಗ್ಗಬಹುದು. ಇದ್ದಿಲು ನೆನೆದರೆ ಡಬ್ಬಿ ಹೋಯಿತು ಎಂದೇ ಲೆಕ್ಕ.

ಕಾರವಾರ ಕಡಲು
ನನಗೆ ಇದು ಆಗಿದೆ. ಹೋಂಡಾ ಸಿಟಿ ಹೈಬ್ರಿಡ್. ಪ್ರತಿ ಸಲ ರೌಂಡ್ ಫಿಗರ್ ಮಾಡಿಸುತ್ತಿದ್ದೆ. ಒಂದು ದಿನ ಬಿಸಿಲಲ್ಲಿ ನಿಲ್ಲಿಸಿದ್ದಾಗ ಪೆಟ್ರೋಲ್ ವಾಸನೆ ಗಮ್ಮೆಂದು ಬಂತು. ಕ್ಯಾನಿಸ್ಟರ್ ಬದಲಾಯಿಸಬೇಕಾಯಿತು. ಈಗ ಟಕ್ ಎಂದ ಕೂಡಲೇ "ಸಾಕು" ಎನ್ನುತ್ತೇನೆ. ಯುಪಿಐ ಇರುವಾಗ 2,437 ರೂಪಾಯಿ ಆದರೇನು, 2,500 ಆದರೇನು. ಚಿಲ್ಲರೆ ಸಮಸ್ಯೆಯೇ ಇಲ್ಲ.

ಸಾವಿರದ ಹತ್ತು
ರೌಂಡ್ ಫಿಗರ್ ಹಾಕಿಸಲೇಬಾರದು. 1,000, 2,000ಕ್ಕೆ ಮೆಷಿನ್ ಮೊದಲೇ ಸೆಟ್ ಮಾಡಿರುತ್ತಾರೆ. 1,010 ಹಾಕಿಸಿ. ನಾನು ಯಾವಾಗಲೂ ಹಾಗೇ.

ತುಮಕೂರು ರೋಡ್ ಶಿಫ್ಟ್
ಸಾರ್, ಇದು ಬರೀ ನಂಬಿಕೆ. 1,000ಕ್ಕೆ ಬಟನ್ ಇರುವುದು ಬೇಗ ಆಗಲಿ ಎಂದು. ಅಳತೆ ಎಲ್ಲ ಮೊತ್ತಕ್ಕೂ ಒಂದೇ. ಅನುಮಾನ ಬಂದರೆ ಐದು ಲೀಟರಿನ ಅಳತೆ ಪಾತ್ರೆ ಕೇಳಿ. ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು. ನಿಮ್ಮ ಕಣ್ಣೆದುರೇ ಹಾಕಿ ತೋರಿಸಬೇಕು. ಐದು ಲೀಟರಿಗೆ 25 ಮಿಲಿ ಹೆಚ್ಚು ಕಡಿಮೆ ಇದ್ದರೆ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ಕಡಿಮೆಯಾದರೆ ದೂರು ಕೊಡಿ. ಸೊನ್ನೆ ನೋಡಿ ಎಂದು ನಾವು ಹೇಳುವಾಗ ದಯವಿಟ್ಟು ಫೋನ್ ಬಿಟ್ಟು ಸೊನ್ನೆ ನೋಡಿ.

ಕುಣಿಗಲ್ ಕೆರೆ
ನನ್ನ ವಿಟಾರಾ ಟ್ಯಾಂಕ್ 45 ಲೀಟರ್. ಒಮ್ಮೆ 46.2 ಲೀಟರ್ ಹಿಡಿಯಿತು ಎಂದು ಬಿಲ್ ಬಂತು. ಇದು ಮೋಸ ಅಲ್ಲದೆ ಮತ್ತೇನು?

ಹಾಸನದ ಮೇಷ್ಟ್ರು
ಮೋಸ ಇರಬಹುದು, ಇಲ್ಲದೆಯೂ ಇರಬಹುದು. ಟಕ್ ಆದ ಮೇಲೂ ಹಾಕಿಸಿದ್ದಿರಾ?

ಕುಣಿಗಲ್ ಕೆರೆ
ಹೌದು ಮೇಷ್ಟ್ರೆ. ದೂರದ ಪ್ರಯಾಣ ಇತ್ತು, ಬಾಯಿ ತನಕ ತುಂಬಿಸಿದೆ.

ಹಾಸನದ ಮೇಷ್ಟ್ರು
ಹಾಗಾದರೆ ಉತ್ತರ ಅಲ್ಲೇ ಇದೆ. ಕಂಪನಿ ಹೇಳುವ 45ರಲ್ಲಿ ಆ ಆವಿಯ ಜಾಗ, ಕತ್ತಿನ ಕೊಳವೆ ಸೇರುವುದಿಲ್ಲ. ಬಾಯಿ ತನಕ ತುಂಬಿಸಿದರೆ 45 ದಾಟುವುದು ಸಾಧ್ಯ. ಆದರೆ ಅಷ್ಟು ಹಿಡಿಯಬೇಕಾದರೆ ಟ್ಯಾಂಕ್ ಬಹುತೇಕ ಖಾಲಿಯಾಗಿರಬೇಕು. ಅಷ್ಟು ಖಾಲಿ ಮಾಡಿಕೊಂಡು ಹೋಗಿದ್ದು ಯಾಕೆ?

ಬಿಡದಿ ಬೋಲ್ಟ್
ಮೇಷ್ಟ್ರು ಕೇಳಿದ್ದು ಮುಖ್ಯ. ಹೈಬ್ರಿಡ್‌ನಲ್ಲಿ ಪೆಟ್ರೋಲ್ ಖಾಲಿಯಾದರೂ ಬ್ಯಾಟರಿ ಇದೆಯಲ್ಲ ಎಂದು ಕೆಲವರು ಧೈರ್ಯದಲ್ಲಿರುತ್ತಾರೆ. ಬ್ಯಾಟರಿಯಲ್ಲಿ ಒಂದೆರಡು ಕಿಲೋಮೀಟರ್ ಹೋದರೆ ಹೆಚ್ಚು. ಆಮೇಲೆ ಕಷ್ಟ ಶುರು. ಈ ಇಂಜಿನ್‌ಗೆ ಬೇರೆ ಸ್ಟಾರ್ಟರ್ ಮೋಟರ್ ಇಲ್ಲ, ಅದನ್ನು ತಿರುಗಿಸುವುದು ಆ ಹೈಬ್ರಿಡ್ ಬ್ಯಾಟರಿಯೇ. ಅದನ್ನೂ ಬರಿದು ಮಾಡಿಕೊಂಡರೆ ಬಾಟಲಿಯಲ್ಲಿ ಪೆಟ್ರೋಲ್ ತಂದು ಹಾಕಿದರೂ ಗಾಡಿ ಏಳದೇ ಇರಬಹುದು. ಎರಡು ಗೆರೆ ಉಳಿದಾಗಲೇ ಬಂಕಿಗೆ ಹೋಗಿ.

ಎಡಿಸನ್ ನಿವಾಸಿ
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ನಾವೇ ಹಾಕಿಕೊಳ್ಳುವಂತಿಲ್ಲ. 1949ರಿಂದ ಕಾನೂನು ಇದೆ, ಬಂಕಿನವರೇ ಹಾಕಬೇಕು. ಹಾಗಾಗಿ ಊರಿನ ಬಂಕಿಗೆ ಹೋದ ಹಾಗೇ ಇರುತ್ತದೆ. ಪಕ್ಕದ ಪೆನ್ಸಿಲ್ವೇನಿಯಾಕ್ಕೆ ಹೋದರೆ ನಾವೇ ಇಳಿದು ಹಾಕಿಕೊಳ್ಳಬೇಕು.

ನನ್ನ ಮೊದಲ ಹೈಬ್ರಿಡ್ 2006ರ ಪ್ರಿಯಸ್. ಅದರ ಟ್ಯಾಂಕಿನ ಒಳಗೆ ಬಲೂನಿನ ಹಾಗೆ ಹಿಗ್ಗುವ ಚೀಲ ಇತ್ತು, ಆವಿ ಕಡಿಮೆಯಾಗಲಿ ಎಂದು. ಚಳಿಗಾಲದಲ್ಲಿ ಚೀಲ ಬಿರುಸಾಗಿ ಪೂರ್ತಿ ಹಿಗ್ಗುತ್ತಿರಲಿಲ್ಲ. ಒಮ್ಮೆ ಎಂಟು ಗ್ಯಾಲನ್‌ಗೆ ಟಕ್, ಇನ್ನೊಮ್ಮೆ ಹತ್ತಕ್ಕೆ ಟಕ್. ಮೈಲೇಜ್ ಲೆಕ್ಕ ಇಡುವುದೇ ಆಗುತ್ತಿರಲಿಲ್ಲ. ಈಗ ಇರುವುದು ಗೋಡೆಗೆ ಚುಚ್ಚಿ ಚಾರ್ಜ್ ಮಾಡುವ ಹೈಬ್ರಿಡ್. ಇದರಲ್ಲಿ ಇಂಜಿನ್ ವಾರಗಟ್ಟಲೆ ಏಳದೇ ಇರಬಹುದು, ಹಾಗಾಗಿ ಟ್ಯಾಂಕಿಗೆ ಬಿಗಿ ಮುದ್ರೆ. ಬಟನ್ ಒತ್ತಿ ಕೆಲವು ಸೆಕೆಂಡ್ ಕಾಯಬೇಕು. ಒಳಗಿನ ಒತ್ತಡ ಇಳಿದ ಮೇಲೆ ಮುಚ್ಚಳ ತೆರೆಯುತ್ತದೆ. ನಮ್ಮ ಬಂಕಿನ ಪಂಜಾಬಿ ಅಂಕಲ್ ಮೊದಲ ಸಲ ಎಳೆದೂ ಎಳೆದೂ ಸುಸ್ತಾದರು.

ಮಲೆನಾಡ ಮಳೆ
ನಮ್ಮ ಹೈರೈಡರ್, ಹೈಕ್ರಾಸ್‌ಗೆ ಆ ಕಾಯುವಿಕೆ ಇಲ್ಲ ತಾನೇ?

ಬಿಡದಿ ಬೋಲ್ಟ್
ಇಲ್ಲ. ಲಿವರ್ ಎಳೆದರೆ ಮುಚ್ಚಳ ತೆರೆಯುತ್ತದೆ, ಕ್ಯಾಪ್ ತಿರುಗಿಸಬೇಕು ಅಷ್ಟೇ. ವಾಪಸ್ ಹಾಕುವಾಗ ಕ್ಲಿಕ್ ಸದ್ದು ಬರುವ ತನಕ ತಿರುಗಿಸಿ.

ಸಾವಿರದ ಹತ್ತು
ಬೆಳಗ್ಗೆ ಆರಕ್ಕೆ ಹಾಕಿಸಿದರೆ ಪೆಟ್ರೋಲ್ ತಂಪಾಗಿರುತ್ತದೆ, ಜಾಸ್ತಿ ಸಿಗುತ್ತದೆ. ಇದನ್ನಾದರೂ ಒಪ್ಪುತ್ತೀರಾ?

ಹಾಸನದ ಮೇಷ್ಟ್ರು
ಪೆಟ್ರೋಲ್ ಬಿಸಿಗೆ ಹಿಗ್ಗುವುದು ನಿಜ. ಹತ್ತು ಡಿಗ್ರಿಗೆ ನೂರಕ್ಕೆ ಒಂದು ಪಾಲು. ಆದರೆ ಬಂಕಿನ ಟ್ಯಾಂಕ್ ಇರುವುದು ನೆಲದಡಿಯಲ್ಲಿ. ಅಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಬೆಳಗ್ಗೆ ಸಾಲು ಇರುವುದಿಲ್ಲ ಎಂದು ಹೋಗಿ, ನಾನೂ ಹಾಗೇ ಹೋಗುತ್ತೇನೆ.

ಕಾರವಾರ ಕಡಲು
ಮೈಲೇಜ್ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ವಿಟಾರಾ ಹೈಬ್ರಿಡ್‌ಗೆ ಕಂಪನಿ ಹೇಳುವುದು ಲೀಟರಿಗೆ 27.97 ಕಿಲೋಮೀಟರ್. ನಿಜವಾಗಿ ಯಾರಿಗೆ ಸಿಕ್ಕಿದೆ?

ಹಾಸನದ ಮೇಷ್ಟ್ರು
ಪರದೆ ತೋರಿಸುವುದನ್ನು ನಂಬದೆ ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಹಾಕಿ. ಮೊದಲ ಟಕ್‌ಗೆ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಬಂಕು, ಸಾಧ್ಯವಾದರೆ ಅದೇ ನಾಝಲ್, ಮತ್ತೆ ಮೊದಲ ಟಕ್. ಹೋದ ತಿಂಗಳು ನಾನು 612 ಕಿಲೋಮೀಟರ್ ಓಡಿಸಿದ್ದೆ, 26.4 ಲೀಟರ್ ಹಿಡಿಯಿತು. 23.2 ಬಂತು. ಹಾಸನ ಪೇಟೆಯೊಳಗೆ ಜಾಸ್ತಿ ಕೊಡುತ್ತದೆ, ಹೆದ್ದಾರಿಯಲ್ಲಿ ನೂರರ ಮೇಲೆ ಹೋದರೆ ಇಳಿಯುತ್ತದೆ. ಮಾಮೂಲಿ ಕಾರಿಗೆ ತಲೆಕೆಳಗು.

ಹಂಪಿ ಕಲ್ಲು
ಇ20, ಅಂದರೆ ಎಥನಾಲ್ ಬೆರೆಸಿದ ಪೆಟ್ರೋಲ್, ಬಂದ ಮೇಲೆ ನನ್ನ ಮೈಲೇಜ್ ಇಳಿದಿದೆ.

ಜಯನಗರ ನಾಲ್ಕನೇ ಬ್ಲಾಕ್
ಎಲ್ಲರದೂ ಇಳಿದಿದೆ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ನೂರಕ್ಕೆ ಇಪ್ಪತ್ತು ಬೆರೆಸಿದರೆ ಒಟ್ಟು ಶಕ್ತಿ ನೂರಕ್ಕೆ ಆರೇಳು ಪಾಲು ಕಡಿಮೆ. ಇಂಜಿನ್ ಅದಕ್ಕೆ ಹೊಂದಿಕೊಂಡಿದ್ದರೆ ನಷ್ಟ ಅಷ್ಟು ಕಾಣುವುದಿಲ್ಲ. ಮಂಡ್ಯದ ಕಬ್ಬು ಬೆಳೆಗಾರರಿಗೆ ಇದರಿಂದ ಒಳ್ಳೆಯದಾಗಲಿ, ನನಗೆ ಬೇಸರವಿಲ್ಲ. ಆದರೆ ಬೆಲೆಯಲ್ಲಿ ಕಡಿಮೆ ಮಾಡಬೇಕಿತ್ತು. ಕಡಿಮೆ ಶಕ್ತಿಯ ಇಂಧನಕ್ಕೆ ಲೀಟರಿಗೆ ನೂರರ ಮೇಲೆ ಯಾಕೆ ಕೊಡಬೇಕು?

ಹಂಪಿ ಕಲ್ಲು
ಈ ಮಾತಿಗೆ ನನ್ನ ಒಪ್ಪಿಗೆ ಇದೆ.

ಮಲೆನಾಡ ಮಳೆ
ಜಯನಗರದವರೆ, ಆಫ್ ಮಾಡುವ ವಿಷಯಕ್ಕೆ ಏನಂತೀರಿ ಈಗ?

ಜಯನಗರ ನಾಲ್ಕನೇ ಬ್ಲಾಕ್
ಬಿಡದಿಯವರು ಹೇಳಿದ ಆವಿಯ ಮಾತು ನನಗೆ ಗೊತ್ತಿರಲಿಲ್ಲ. ಅದು ಕಾರಿನ ಕೆಳಗೆ ಇಳಿದು ನಿಲ್ಲುತ್ತದೆ ಎಂದು ಯೋಚಿಸಿರಲಿಲ್ಲ. ಇನ್ನು ಮೇಲೆ ಆಫ್ ಮಾಡುತ್ತೇನೆ.

ತಿಪಟೂರು ತೆಂಗು
ಇವತ್ತು ಬೆಳಗ್ಗೆ ಮತ್ತೆ ಅದೇ ಬಂಕಿಗೆ ಹೋಗಿದ್ದೆ. ಅದೇ ಹುಡುಗ ಇದ್ದ. ನನ್ನನ್ನು ನೋಡಿದ ಕೂಡಲೇ ಎರಡು ಹೆಜ್ಜೆ ದೂರ ನಿಂತ. ಪವರ್ ಒತ್ತಿ, ರೆಡಿ ದೀಪ ಆರಿದ್ದನ್ನು ಅವನಿಗೆ ತೋರಿಸಿದೆ. "ಈ ದೀಪ ಆರಿದ್ರೆ ಮಾತ್ರ ಹಾಕು, ಯಾರ ಗಾಡಿ ಆದ್ರೂ ಕೇಳು" ಎಂದೆ. ಅಮ್ಮ, ಮಗು ಇಬ್ಬರನ್ನೂ ಇಳಿಸಿ ನೆರಳಿಗೆ ಕಳಿಸಿದ್ದೆ. 28.6 ಲೀಟರಿಗೆ ಟಕ್ ಎಂದಿತು. ರೌಂಡ್ ಮಾಡಲಾ ಎಂದ, ಬೇಡ ಎಂದೆ.

ಹಣ ಕೊಡುವಾಗ ಅವನೇ ಕೇಳಿದ, "ಸಾರ್, ಹೈಕ್ರಾಸ್‌ಗೂ ಇದೇ ದೀಪ ಇರತ್ತಾ?" ಇದೆ ಎಂದೆ. ಅದಕ್ಕೂ ಪೆಟ್ರೋಲೇ ಎಂದೂ ಹೇಳಿ ಬಂದೆ.

ತುಮಕೂರು ರೋಡ್ ಶಿಫ್ಟ್
ಆ ದೀಪದ ಒಂದು ಫೋಟೋ ಹಾಕಿ ಸಾರ್. ನಮ್ಮ ಹುಡುಗರಿಗೂ ತೋರಿಸುತ್ತೇನೆ.